ಅಮರನ ತಾಳಕ್ಕೆ ಬಿದ್ದ ಚಪ್ಪಾಳೆ

ಅಮರಾ,

ನೀನು ತೀರಿಕೊಂಡ ಮೇಲೆ ನಮ್ಮ ಬ್ಯಾಂಡ್ ಇವತ್ತು ಮೊದಲ ಸಲ ವೇದಿಕೆ ಹತ್ತಿತು. ನನ್ನನ್ನು ಬಿಟ್ಟರೆ ಎಲ್ಲರೂ ಹೊಸಬರು. ಕ್ಯಾಂಪ್ ಬಡಾವಣೆಯ ಒಂದು ಹಳೆಯ ರೆಸ್ಟೋರೆಂಟಿನಲ್ಲಿ ಸಾಂಬಾ, ಬೋಸಾ ನೋವಾ, ಫೊರೊ ಅಂತ ನಮ್ಮ ಆ ಪರದೇಶದ ಕುಣಿತದ ತಾಳಗಳನ್ನೆಲ್ಲ ಬೆರೆಸಿ ನುಡಿಸಿದೆವು. ಕೊನೆಗೆ ನೀನು ಕಟ್ಟಿದ ತಾಳವನ್ನು ಎತ್ತಿಕೊಂಡೆವು. ಸಾಂಬಾದ ನಡುವೆ ನಿಮ್ಮೂರ ಡೊಳ್ಳಿನ ಪೆಟ್ಟು ಬರುತ್ತದಲ್ಲ, ಅದೇ. ಜನ ಎದ್ದು ಕುಣಿದರು. ನಿರೂಪಕಿ ನನ್ನತ್ತ ಕೈತೋರಿಸಿ ಮೈಕಿನಲ್ಲಿ, "ಇದು ಕುಶಲ ಅವರದೇ ರಚನೆ" ಎಂದಳು. ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಚಪ್ಪಾಳೆ ಬಿತ್ತು, ನಾನು ಕೈಮುಗಿದುಬಿಟ್ಟೆ.

ಇಳಿದು ಬಂದರೆ ಎದುರಿಗೆ ನಿನ್ನ ಅವ್ವ. ಊರಿನ ಆ ತುದಿಯ ಕೋಥರೂಡದಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ನಾನು ಕರೆದಿರಲೇ ಇಲ್ಲ.

"ಭಾಳ ಚಲೋ ಆತು ಕುಶಲ," ಎಂದರು. "ಆ ಕಡೀದು ಅಮರ ಮನ್ಯಾಗ ಟೇಬಲ್ ಮ್ಯಾಲೆ ಬಾರಸ್ತಿದ್ದ. ಅವಂದ ಅಂತ ತಿಳ್ಕೊಂಡಿದ್ದೆ ನಾನು. ನಿನ್ನ ಕಡಿಂದ ಕಲ್ತಿದ್ನೇನು?"

ನನ್ನ ಕೈಕುಲುಕಲು ಸುತ್ತ ಜನ ನಿಂತಿದ್ದರು.

"ಹೌದಮ್ಮ," ಎಂದೆ.

ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ನನ್ನ ಮಗಗ ಇಷ್ಟ ಚಂದಂದು ಕಲಿಸಿದಿ, ದೇವ್ರು ನಿನಗ ಚಲೋ ಮಾಡ್ಲಿ" ಎಂದರು.

ಆ ಕೈ ಅಲ್ಲಿ ಇದ್ದಷ್ಟು ಹೊತ್ತೂ ನಾನು ನಿಜ ಹೇಳಬಹುದಿತ್ತು.