ಕುತ್ತಿಗೆಯ ಹಿಂದಿನ ತಂತಿ

ರಾಣೆಬೆನ್ನೂರು
12 ನವೆಂಬರ್ 2024, ಮಂಗಳವಾರ

ದೀಪಿಕಾಳ ಅಪ್ಪನವರಿಗೆ ಶಿಲ್ಪಾ ಮಾಡುವ ನಮಸ್ಕಾರಗಳು.

ಆರಾಮ ಇದ್ದೀರಾ? ಕರೀಂನಗರದ ಊಟ ಈಗಲಾದರೂ ಹೊಟ್ಟೆಗೆ ಹೊಂದಿತೇ? ಮೂರು ಹೊತ್ತೂ ಅನ್ನ ಎಂದು ಗೊಣಗಿದ್ದಿರಿ, ಖಡಕ್ ರೊಟ್ಟಿ ಕಳಿಸಿದ್ದೆ. ನಿಮಗೆ ಮುಟ್ಟಿತೋ, ಸೀಡ್ ಕಂಪನಿಯ ನಿಮ್ಮ ರೂಮಿನವರೇ ಮುಗಿಸಿದರೋ? ದಿನವೂ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಮೊಬೈಲಿನ ಬೆಳಕು ಕಣ್ಣಿಗೆ ಆಗುತ್ತಿಲ್ಲ. ಅಲ್ಲದೆ ಫೋನ್ ಹಿಡಿದರೆ ನಿಮ್ಮ ಅವ್ವ ಪಕ್ಕದಲ್ಲೇ ಕೂತಿರುತ್ತಾರೆ.

ನೋವು ಹಾಗೆಯೇ ಇದೆ. ಸಂಜೆ ಐದಾಯಿತೆಂದರೆ ಗಡಿಯಾರ ನೋಡಿಕೊಂಡೇ ಬರುತ್ತದೆ. ಬಲಗಣ್ಣಿನ ಹಿಂದೆ ಮೊಳೆ ಬಡಿದ ಹಾಗೆ. ಆ ಕಣ್ಣಿನಲ್ಲಿ ನೀರು, ಆ ಕಡೆಯ ಮೂಗು ಬಂದ್. ಕೂರಲಾರೆ, ಮಲಗಲಾರೆ, ಒಂದೂವರೆ ತಾಸು ಅಂಗಳದ ತುಂಬ ಓಡಾಡುತ್ತೇನೆ. ತುರುಬು ಕಟ್ಟುವುದನ್ನೂ ಬಿಟ್ಟಿದ್ದೇನೆ, ಬಿಗಿದರೆ ತಲೆ ಇನ್ನಷ್ಟು ಸಿಡಿಯುತ್ತದೆ. ಮೊನ್ನೆ ನೆಟ್‌ಹೌಸಿನಲ್ಲೇ ಶುರುವಾಯಿತು. ಹೈಬ್ರಿಡ್ ಬೀಜಕ್ಕೆಂದು ಟೊಮೆಟೊ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯುತ್ತಿದ್ದೆ, ಚಿಮಟಾ ಕೈಯಿಂದ ಬಿತ್ತು, ಕಂಬಕ್ಕೆ ಹಣೆ ಚಚ್ಚಿಕೊಂಡೆ. ಜೊತೆಗೆ ಕೆಲಸ ಮಾಡುವ ಮೈಮುನಾಬಿ ನನ್ನನ್ನು ಹಿಡಿದುಕೊಂಡು, "ಯವ್ವಾ, ಇದು ತಲಿಬ್ಯಾನಿ ಅಲ್ಲ, ದೆವ್ವ ಐತಿ" ಎಂದು ಅತ್ತಳು. ದೀಪಿಕಾ ಈಗೀಗ ಐದಕ್ಕೆ ಮೊದಲೇ ಪುಸ್ತಕ ಹಿಡಿದು ಪಕ್ಕದ ಮನೆಗೆ ಹೋಗಿಬಿಡುತ್ತಾಳೆ. ಹೋಗೆಂದು ನಾನು ಹೇಳಿದ್ದಲ್ಲ. ಆರು ವರ್ಷದ ಮಗು ತಾಯಿಗೆ ಹೆದರಿ ಹೋಗುತ್ತದೆ ನೋಡಿ, ಅದನ್ನು ತಡೆದುಕೊಳ್ಳಲು ಆಗುವುದಿಲ್ಲ.

ಬೆಂಗಳೂರಿನ ಡಾಕ್ಟರು ಫೋನಿನಲ್ಲಿ ಮತ್ತೊಮ್ಮೆ ಬಿಡಿಸಿ ಹೇಳಿದರು. ಗುಳಿಗೆ, ಇಂಜೆಕ್ಷನ್, ಆಕ್ಸಿಜನ್ ಎಲ್ಲ ಮುಗಿದ ಮೇಲೆ ನನಗೆ ಉಳಿದಿರುವುದು ಇದೊಂದೇ. ತಲೆ ಕುತ್ತಿಗೆಗೆ ಸೇರುವಲ್ಲಿ, ಚರ್ಮದ ಕೆಳಗೆ, ನರದ ಪಕ್ಕ ಸಣ್ಣ ತಂತಿ ಇಡುತ್ತಾರೆ. ಮೊದಲ ವಾರ ಬ್ಯಾಟರಿ ಸೊಂಟಕ್ಕೆ ಕಟ್ಟಿಕೊಂಡು ಪರೀಕ್ಷೆ. ನೋವು ಅರ್ಧಕ್ಕಿಳಿದರೆ ಮಾತ್ರ ಬ್ಯಾಟರಿಯನ್ನೂ ಎದೆಯ ಮೇಲ್ಭಾಗದ ಚರ್ಮದೊಳಗೆ ಕೂರಿಸುತ್ತಾರೆ. ಎಲ್ಲರಿಗೂ ಫಲ ಕೊಡುವುದಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಜಾಗ ಸ್ವಚ್ಛ ಇರಬೇಕಂತೆ, ಒಂದು ಗುಳ್ಳೆ ಎದ್ದರೂ ತಿಳಿಸಬೇಕಂತೆ. ತಂತಿಗೆ ಕೀವು ಹತ್ತಿದರೆ ಎಲ್ಲ ಕಿತ್ತು ತೆಗೆಯಬೇಕಾಗುತ್ತದೆ. ಆಪರೇಷನ್ನಿನ ದಿನ ಇಪ್ಪತ್ತೆರಡು, ಶುಕ್ರವಾರ. ಅದು ತಪ್ಪಿದರೆ ಮುಂದಿನ ಸರದಿ ಮಾರ್ಚಿಗೆ.

ನನಗೆ ಬಹಳ ಹೆದರಿಕೆಯಾಗಿದೆ ರೀ. ಮೋಟರಿನ ಪೆಟ್ಟಿಗೆ ಮುಟ್ಟಲೂ ನಿಮ್ಮನ್ನೇ ಕೂಗುವವಳು ನಾನು, ಈಗ ಕರೆಂಟನ್ನು ಮೈಯೊಳಗೇ ಇಟ್ಟುಕೊಳ್ಳಬೇಕು. ಗುಡುಗು ಸಿಡಿಲು ಬಂದರೆ ಏನಾಗುತ್ತದೆ, ಮಗಳನ್ನು ಅಪ್ಪಿಕೊಂಡರೆ ಅವಳಿಗೂ ಹೊಡೆಯುತ್ತದೆಯೇ ಎಂದು ಕೇಳಿದೆ. ಡಾಕ್ಟರು ನಗಲಿಲ್ಲ. "ಹಾಗೇನೂ ಆಗೋದಿಲ್ಲಮ್ಮ, ಜುಮುಜುಮು ಅನ್ಸುತ್ತೆ, ಅಷ್ಟೆ" ಎಂದರು. ಅವ್ವನದು ಮಾತ್ರ ಅದೇ ಹಳೆಯ ರಾಗ: "ಕರೆಂಟ್ ಗಿರೆಂಟ್ ಯಾಕ ಬೇಕ? ಬ್ಯಾಡಗಿ ಕಡೆ ಮೈಲಪ್ಪಜ್ಜನ ಹಂತ್ಯಾಕ ಒಂದ್ ಚುಟಿಗಿ ಹಾಕಿಸಿದ್ರ ಲಗೂ ಹೊಕ್ಕೈತಿ." ಅರಿಶಿನದ ಕೊಂಬು ಕಾಯಿಸಿ ಮೈ ಸುಡಿಸಿಕೊಳ್ಳುವ ಕಾಲವೇ ಇದು ಎಂದು ನಕ್ಕು ಸುಮ್ಮನಾಗಿಸಿದೆ.

ರಜೆ ಸಿಕ್ಕರೆ ನೇರ ಬೆಂಗಳೂರಿಗೇ ಬನ್ನಿ. ಮುಂದಿನ ಹಲ್ಲು ಬಿತ್ತೆಂದು ಬರೆಯಲು ದೀಪಿಕಾ ಹೇಳಿದ್ದಾಳೆ, ಬರೆದಿದ್ದೇನೆ. ಅವ್ವ ನಿಮಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿದ್ದಾರೆ, ಅವರ ಆಶೀರ್ವಾದವೂ ಇದೆ.

ನಿಮ್ಮ ದಾರಿ ನೋಡುತ್ತಿರುವ
ಶಿಲ್ಪಾ

ತಾ.ಕ.: ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ನಕ್ಕೆ ಎಂದದ್ದು ಸುಳ್ಳು. ದೀಪಾವಳಿ ಮುಗಿದ ಮೇಲೆ ಅವ್ವನ ಜೊತೆ ಬಸ್ ಹತ್ತಿ ಹೋಗಿ ಚುಟಿಗೆ ಹಾಕಿಸಿಕೊಂಡು ಬಂದೆ. ಅವ್ವನಿಗೆ ಬೈಯಬೇಡಿ. ಅವರು ಹೇಳಿದರು ಅಷ್ಟೆ, ಕುತ್ತಿಗೆ ಬಗ್ಗಿಸಿದವಳು ನಾನು. ಇದರಲ್ಲೇ ವಾಸಿಯಾದರೆ ತಂತಿ ತಪ್ಪೀತು ಎಂಬ ಆಸೆ. ಮರುದಿನ ಐದಕ್ಕೆ ನೋವು ಬಂದೇಬಂತು. ಸುಟ್ಟಿರುವುದು, ಬೆಂಗಳೂರಿಗೆ ಹೋದಾಗ ತಂತಿ ಇಲ್ಲಿ ಎಂದು ಡಾಕ್ಟರು ಬೆರಳಿಟ್ಟು ತೋರಿಸಿದ ಜಾಗದಲ್ಲೇ. ಈಗ ಕೀವಾಗಿದೆ. ಬೇರೆ ಪರಾಗದ ಒಂದು ಕಣ ಬೆರೆತರೂ ಬೀಜದ ಲಾಟ್ ರಿಜೆಕ್ಟ್ ಎಂದು ಎಲ್ಲರಿಗೂ ಸ್ಪಿರಿಟ್ಟಿನಲ್ಲಿ ಕೈ ತೊಳೆಸುವವಳು ನಾನೇ. ನಾಲ್ಕು ಸಲ ಡಾಕ್ಟರ ನಂಬರ್ ಒತ್ತಿ ಕಟ್ ಮಾಡಿದೆ. ಕಾಗದದ ಹಿಂದೆ ನಂಬರ್ ಬರೆದಿದ್ದೇನೆ, ಇದು ಮುಟ್ಟಿದ ದಿನವೇ ನೀವು ಅವರಿಗೆ ಹೇಳಿಬಿಡಿ. ಇಲ್ಲಿ ಜಡೆ ಇಳಿಬಿಟ್ಟು ಮುಚ್ಚಿಕೊಂಡು ತಿರುಗುತ್ತಿದ್ದೇನೆ. ಆ ಶುಕ್ರವಾರ ಎಲ್ಲಕ್ಕಿಂತ ಮೊದಲು ಅಲ್ಲಿಯ ಕೂದಲನ್ನೇ ಬೋಳಿಸುತ್ತಾರಂತೆ.