ಕ್ಯಾಪ್ಟನ್ ಕಳಿಸಿದ ಕಾರ್ಡು

ಜೂನ್ 3, ಮಂಗಳವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಸಭಿಕರೇ— ಮನೆಯ ಗೇಮಿಂಗ್ ಕಂಪ್ಯೂಟರ್ ನಿರ್ಮಾಣ ಸಮಿತಿಗೆ ಕಾರ್ಯದರ್ಶಿಯಾಗಿ ಅವಿರೋಧ ಆಯ್ಕೆಯಾದ ನಾನು, ಈ ದಿನದ ವರದಿಯನ್ನು ತಮ್ಮ ಮುಂದೆ... ಸಾಕು. ಪ್ರೊಸೆಸರ್ ಆಯಿತು. ಜೊತೆಗೆ ಬರುವ ಫ್ಯಾನೇ ಸಾಕಂತೆ, ಬೇರೆ ಕೊಳ್ಳಬೇಕಿಲ್ಲ.

ಬೆಳಿಗ್ಗೆ ಒಬ್ಬರ ಅಡುಗೆಮನೆ ಅಳೆಯಲು ಹೋಗಿ, ಸಿಂಕಿನ ಕೆಳಗೆ ಮಲಗಿಕೊಂಡೇ ಮದರ್‌ಬೋರ್ಡಿನ ವಿಡಿಯೊ ನೋಡಿದೆ. ಮನೆಯೊಡತಿ ಬಗ್ಗಿ ಕೇಳಿದರು, "ಪೈಪಲ್ಲಿ ಏನಾದ್ರೂ ಪ್ರಾಬ್ಲಮ್ಮಾ?"

"ಪೈಪಲ್ಲಿಲ್ಲ ಮೇಡಂ, ಬಜೆಟ್ಟಲ್ಲಿ" ಎಂದೆ.

ಕಂಪ್ಯೂಟರ್ ಮಗಳಿಗೆ. ಮಗಳು ಎಂದರೆ ಹೆಂಡತಿಯ ಮಗಳು. ಹತ್ತು ವರ್ಷದವಳಿದ್ದಾಗ ಸಿಕ್ಕಳು— ಅವರ ಅಡುಗೆಮನೆಯ ಕಪಾಟಿಗೆ ಅಳತೆ ತೆಗೆಯಲು ಹೋದಾಗ. ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದಳು. ಅಂದಿನಿಂದ ನಾನು "ಅಳತೆ ಅಂಕಲ್". ಅವಳ ತಾಯಿಯನ್ನು ಮದುವೆಯಾದ ಮೇಲೆ ಅಳತೆ ಬಿಟ್ಟುಹೋಯಿತು, ಅಂಕಲ್ ಉಳಿಯಿತು. ಈಗ ಹದಿನೆಂಟು. ಎತ್ತರದಲ್ಲಿ ನನಗೆ ಸಮ.

ಬಜೆಟ್ಟು ಗಿಡ್ಡ, ಬಯಕೆ ದೊಡ್ಡ— ಇದು ಸಮಿತಿಯ ಘೋಷವಾಕ್ಯ.

ಜೂನ್ 5, ಗುರುವಾರ

ಊಟದ ಮೇಜಿನ ಮೇಲೆ ಸಮಿತಿಯ ಬೈಠಕ್. ಹಾಜರಿ ಇಬ್ಬರದು. ವಿಷಯ: ರ‍್ಯಾಮ್.

"ಅಂಕಲ್, ಲೈಟ್ ಇರೋದು ತಗೊಂಡ್ರೆ ಸ್ಪೀಡ್ ಜಾಸ್ತಿ."

"ಯಾರಂದ್ರು?"

"ಎಲ್ರೂ."

"ಹಾಗಾದ್ರೆ ಮೈತುಂಬ ಲೈಟ್ ಹಾಕ್ಕೊಂಡಿರೋ ನಮ್ಮ ರಸ್ತೆ ಬಟ್ಟೆ ಅಂಗಡಿ ಇಷ್ಟೊತ್ತಿಗೆ ಹಾರಿಹೋಗ್ಬೇಕಿತ್ತು."

ನಕ್ಕಳು. ಬಾಯಲ್ಲಿದ್ದ ನೀರು ಮೇಜಿನ ಮೇಲೆಲ್ಲ. ದೀಪವಿಲ್ಲದ್ದೇ ಆಯಿತು, ಒಂದರ ಬದಲು ಎರಡು ಕಡ್ಡಿ. ಜೋಡಿಯಾಗಿ ಹಾಕಿದರೆ ಚುರುಕಂತೆ. ಪವರ್ ಸಪ್ಲೈಯನ್ನೂ ಆರಿಸಿದೆ, ಅಗ್ಗದ್ದಲ್ಲ, ಗಟ್ಟಿಯಾದದ್ದು. ಅದು ಕೆಟ್ಟರೆ ಉಳಿದದ್ದನ್ನೂ ಜೊತೆಗೆಳೆದುಕೊಂಡೇ ಕೆಡುತ್ತದೆ. ಎರಡು ದಿನ ಓದಿ ಆರಿಸಿದ್ದು. ತೋರಿಸಿದೆ. "ಹ್ಞೂಂ" ಎಂದಳು.

ಜೂನ್ 7, ಶನಿವಾರ

ಸಭಿಕರೇ, ಕ್ಯಾಪ್ಟನ್ ಫೋನ್ ಮಾಡಿದ್ದರು.

ಕ್ಯಾಪ್ಟನ್ ಎಂದರೆ ಇವಳ, ಅಂದರೆ ನನ್ನ ಹೆಂಡತಿಯ, ಮೊದಲ ಗಂಡ, ಹುಡುಗಿಯ ಹೆತ್ತಪ್ಪ. ಸರಕು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ. ಕ್ಯಾಪ್ಟನ್ ಹುದ್ದೆಗೆ ಬಡ್ತಿ ಕೊಟ್ಟವನು ನಾನೇ. ಹೊಟ್ಟೆ ಉರಿಸಿಕೊಳ್ಳುವುದೇ ಆದರೆ ಎದುರಾಳಿ ಸ್ವಲ್ಪ ದೊಡ್ಡ ಜಾಗದಲ್ಲಿರಲಿ.

ಗ್ರಾಫಿಕ್ಸ್ ಕಾರ್ಡ್ ಆತನೇ ಕಳಿಸುತ್ತಾನಂತೆ. ನಮ್ಮ ಪಟ್ಟಿಯಲ್ಲಿ ಇದ್ದದ್ದಲ್ಲ— ಅದರ ಅಣ್ಣನ ಅಣ್ಣ. ಹುಡುಗಿ ಸೋಫಾದ ಮೇಲೆ ಕುಣಿದಳು. ಸ್ಪ್ರಿಂಗ್ ಒಂದು ಹೋಯಿತು.

ಗೇಮು ಕಣ್ಣಿಗೆ ಕಾಣುವುದೇ ಆ ಕಾರ್ಡಿನಿಂದ. ಉಳಿದವರೆಲ್ಲ ಅದಕ್ಕೆ ಕರೆಂಟು ಕೊಡುವವರು, ಗಾಳಿ ಹಾಕುವವರು, ಕೂರಲು ಜಾಗ ಮಾಡುವವರು. ಅವರನ್ನು ಯಾರೂ ಸ್ನೇಹಿತರಿಗೆ ತೋರಿಸುವುದಿಲ್ಲ.

ಕಾರ್ಡು ಕೊಟ್ಟವ ಅಪ್ಪ,
ಕೇಬಲ್ ಕಟ್ಟಿದವ ಬೆಪ್ಪ.

"ಏನ್ರೀ, ಮುಖ ಯಾಕೆ ಹಾಗಿದೆ?" ಎಂದಳು ಇವಳು.

"ಸಂತೋಷ."

"ಸಂತೋಷಕ್ಕೆ ಯಾರಾದ್ರೂ ಹಲ್ಲು ಕಡೀತಾರಾ?"

ಜೂನ್ 12, ಗುರುವಾರ

ಕ್ಯಾಬಿನೆಟ್ ತಂದೆ. ಇವೆಲ್ಲ ಕೂರುವ ಪೆಟ್ಟಿಗೆ. ಚಿಕ್ಕದು, ಚೊಕ್ಕದು. ಹಳೇ ಸ್ಟಾಕು, ರಿಯಾಯಿತಿ ದರ. ವಾಪಸ್ ಇಲ್ಲ ಎಂದು ಬಿಲ್ಲಿನ ಮೇಲೆ ಮುದ್ರೆ ಒತ್ತಿದ ಅಂಗಡಿಯವನು.

"ಕಾರ್ಡ್ ಉದ್ದ ನೋಡ್ಕೊಂಡಿದೀರಾ ಸಾರ್?"

"ನಾನು ಅಳತೆಯವನೇ ಕಣಪ್ಪ."

ನಕ್ಕ. ನಾನೂ ನಕ್ಕೆ. ಕೆಲಸ ಮುಗಿಯಿತು.

ಜೂನ್ 15, ಭಾನುವಾರ

ಜೋಡಣೆ. ನಾನು ಸ್ಕ್ರೂ, ಅವಳು ಟಾರ್ಚು. ಕೇಬಲ್‌ಗಳನ್ನು ಬೋರ್ಡಿನ ಹಿಂದಿನಿಂದ ಎಳೆದು, ಜಡೆ ಹಾಕಿದ ಹಾಗೆ ಕಟ್ಟಿದೆ. ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದೆ. ಯಾರಿಗೂ ಕಾಣದ ಜಾಗ. ಆದರೂ.

ಸ್ವಿಚ್ ಒತ್ತಿದಳು. ಫ್ಯಾನು ತಿರುಗಿತು, ಮಾನ ಉಳಿಯಿತು. ಪ್ರೊಸೆಸರಿನೊಳಗೇ ಸಣ್ಣ ಗ್ರಾಫಿಕ್ಸ್ ಇರುವುದರಿಂದ ಕಾರ್ಡಿಲ್ಲದೆಯೂ ಪರದೆ ಬೆಳಗಿತು. ಗೇಮು ಮಾತ್ರ ತೆವಳಿತು. ಒಂದು ಗಳಿಗೆ ಅವಳ ಕೈ ನನ್ನ ಭುಜದ ಮೇಲಿತ್ತು. ಅಲುಗಾಡದೆ ಕೂತಿದ್ದೆ.

"ಅಪ್ಪನ ಕಾರ್ಡ್ ಬರ್ಲಿ, ನೋಡಿ ಅಂಕಲ್, ಹೆಂಗೆ ಓಡುತ್ತೆ!"

ಆತನಿಗೆ ಫೋಟೊ ಕಳಿಸಿದಳು. ಕಾರ್ಡು ಕೂರಬೇಕಾದ ಖಾಲಿ ಜಾಗಕ್ಕೆ ಕೆಂಪು ಬಾಣ ಬರೆದು. ಫೋಟೊದ ಮೂಲೆಯಲ್ಲಿ ನನ್ನ ಹೆಬ್ಬೆರಳಿದೆ. ಅದಕ್ಕೆ ಬಾಣವಿಲ್ಲ.

ಜೂನ್ 21, ಶನಿವಾರ

ಸಭಿಕರೇ, ವಿಷಾದದ ಸುದ್ದಿ. ಕಾರ್ಡು ಬಂತು. ಕೂರಲಿಲ್ಲ.

ಮೂರು ಫ್ಯಾನು, ಅಡಿಗೂ ತುಸು ಹೆಚ್ಚು ಉದ್ದ, ಇಟ್ಟಿಗೆಯ ತೂಕ. ಹೀಗೆ ಹಿಡಿದು, ಹಾಗೆ ಹಿಡಿದು, ಓರೆ ಮಾಡಿ, ಉಸಿರು ಬಿಗಿಹಿಡಿದು ನೋಡಿದೆವು. ಮುಂದಿನ ಫ್ಯಾನ್ ಬಿಚ್ಚಿದರೂ ಮೂರು ಬೆರಳು ಸಾಲದು. ಅಲ್ಲೊಂದು ತಗಡಿನ ಗೂಡಿದೆ, ಹಾರ್ಡ್ ಡಿಸ್ಕ್ ಇಡುವುದಕ್ಕೆ. ಅದು ಅಡ್ಡ.

ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಊರವರ ಅಡುಗೆಮನೇಲೆಲ್ಲ ಕೂದಲೆಳೆ ತಪ್ಪಲ್ಲ. ನಮ್ಮನೆ ಡಬ್ಬಿಗೆ ಮೂರು ಬೆರಳು ತಪ್ಪಿಬಿಟ್ರಲ್ಲ ರೀ!"

"ಅಮ್ಮ, ಅಂಕಲ್‌ಗೆ ಯಾಕಂತೀಯ?" ಎಂದಳು ಹುಡುಗಿ. ಕಣ್ಣಲ್ಲಿ ನೀರು, ದನಿಯಲ್ಲಿ ಸಿಟ್ಟು. "ಕಳ್ಸೋವ್ರು ಹೇಳ್ಬೇಕಿತ್ತು, ಇಷ್ಟುದ್ದ ಇದೆ, ಹಿಡಿಯುತ್ತಾ ಅಂತ. ಅಪ್ಪ ಯಾವತ್ತು ಕೇಳಿದಾರೆ? ಸಣ್ಣೋಳಿದ್ದಾಗ ಶೂ ಕಳ್ಸಿದ್ರು, ಅದ್ರಲ್ಲಿ ನನ್ನೆರಡೂ ಕಾಲು ಹಿಡೀತಿತ್ತು!"

ನನ್ನ ಪರವಾಗಿ ಈ ಮನೆಯಲ್ಲಿ ಅವಳು ದನಿಯೆತ್ತಿದ್ದು ಇದೇ ಮೊದಲು. ಎದೆ ಉಬ್ಬಿತು. ಮುಚ್ಚುಮರೆ ಯಾಕೆ— ಉಬ್ಬಿತು.

"ಆ ಗೂಡನ್ನ ಕಟ್ ಮಾಡಕ್ಕಾಗಲ್ವಾ ಅಂಕಲ್?"

"ಅದು ತಗಡು ಮಗಾ. ನಮ್ದು ಮರದ ಕೆಲಸ."

ಜೂನ್ 22, ಭಾನುವಾರ

ಅವಳೇ ಫೋನ್ ಮಾಡಿದಳು. ಸ್ಪೀಕರ್ ಹಾಕಿ, ಮೇಜಿನ ಮೇಲಿಟ್ಟು, ಕೈಕಟ್ಟಿಕೊಂಡು ನಿಂತು. ನಾನು ಸ್ಕ್ರೂಡ್ರೈವರ್ ಒರೆಸುತ್ತಿದ್ದೆ.

"ಒಂದೇ ಒಂದ್ಸಲ ಕೇಳ್ಬಹುದಿತ್ತಲ್ಲ ಅಪ್ಪ? ನಾವಿಲ್ಲಿ ಎಷ್ಟು ದಿನ ಕೂತು ಒಂದೊಂದೇ ಆರಿಸಿದ್ವಿ ಗೊತ್ತಾ?"

ಆ ಕಡೆ ಎಂಜಿನ್ನಿನ ಸದ್ದು. ಆಮೇಲೆ, "ಅವರು ಅಲ್ಲೇ ಇದ್ದಾರಾ ಪುಟ್ಟಿ?"

"ಇದಾರೆ. ಯಾಕೆ?"

"ಏನಿಲ್ಲ." ಮತ್ತೆ ಎಂಜಿನ್ನು. "ನಂದೇ ತಪ್ಪು. ಕೇಳ್ಬೇಕಿತ್ತು. ಮರ್ತೆ. ಅವರಿಗೆ ನಮಸ್ಕಾರ ಹೇಳು."

"ಯಾವಾಗ್ಲೂ ಇದೇ ನಿಮ್ದು" ಎಂದು ಕಟ್ ಮಾಡಿದಳು.

ಕ್ಯಾಪ್ಟನ್ ಸೋತ. ಸಮಿತಿಗೆ ಜಯ. ಆದರೆ ಎಷ್ಟು ಸಲೀಸಾಗಿ ತಪ್ಪು ಹೊತ್ತುಕೊಂಡ, ಬ್ಯಾಗ್ ಹೆಗಲಿಗೇರಿಸಿದ ಹಾಗೆ! ದೊಡ್ಡ ಕಾರ್ಡು, ದೊಡ್ಡ ಮನಸ್ಸು. ಅದರಲ್ಲೂ ನನಗಿಂತ ಒಂದು ಕೈ ಮೇಲೆ. ಉರಿಯುತ್ತಿದೆ. ಸೋತವನ ಮೇಲೆ ಗೆದ್ದವನಿಗೆ ಹೊಟ್ಟೆಕಿಚ್ಚು— ಇದಕ್ಕೆ ಪ್ರಾಸ ಹುಡುಕಿದೆ. ಹೊಂದಲಿಲ್ಲ.

ಜೂನ್ 28, ಶನಿವಾರ

ವಾರವಿಡೀ ಬರೆದಿಲ್ಲ. ಬರೆಯಲು ಏನಿತ್ತು?

ಹುಡುಗಿ ಕಾರ್ಡನ್ನು ಮಾರಾಟಕ್ಕೆ ಹಾಕಿದ್ದಾಳೆ. ಗಿರಾಕಿ ಸಿಕ್ಕಿದ್ದಾನೆ, ನಾಳೆ ಬರುತ್ತಾನೆ. "ಅದನ್ನ ಕೊಟ್ಟು, ಈ ಡಬ್ಬಿಗೆ ಹಿಡಿಯೋದು ತಗೊಳ್ಳೋಣ. ನೀವೇ ಆರಿಸಿ ಅಂಕಲ್. ನೀವು ನೋಡಿ, ಕೇಳಿ ಮಾಡ್ತೀರ."

ಇವಳು ಹೇಳಿ ನೋಡಿದಳು. "ಅಪ್ಪ ಕೊಟ್ಟಿದ್ದು ಕಣೇ. ಬೇರೆ ಡಬ್ಬಿ ತಂದ್ರಾಯ್ತು."

"ಕೇಳ್ದೆ ಕೊಟ್ಟಿದ್ದಕ್ಕೆ ನಾವ್ಯಾಕೆ ಡಬ್ಬಿ ಬದಲಾಯಿಸ್ಬೇಕು?"

ಸಂಜೆ ಆತನ ಫೋನು ಬಂತು. ಹೆಸರು ನೋಡಿ ಮಗುಚಿಟ್ಟಳು. ಮತ್ತೆ ಬಂತು. ಮೇಜಿನ ಮೇಲೆ ನಡುಗಿ ನಡುಗಿ ನಿಂತಿತು. ನಾಳೆ ಹಡಗು ಬಂದರು ಬಿಡುತ್ತದಂತೆ. ಆಮೇಲೆ ಸಿಗುವುದು ಕಷ್ಟ. ಇದನ್ನು ಇವಳು ನನಗೆ ಹೇಳಿದಳು, ಹುಡುಗಿಗೆ ಕೇಳಿಸುವಂತೆ. ಹುಡುಗಿ ಬಾಗಿಲು ಹಾಕಿಕೊಂಡಳು.

ಎಂಟು ವರ್ಷ ಇದನ್ನೇ ಬಯಸಿದ್ದೆ. ಊಟ ಸೇರಲಿಲ್ಲ.

ಜೂನ್ 29, ಭಾನುವಾರ, ಮಧ್ಯಾಹ್ನ

ಗಿರಾಕಿ ದಾರಿಯಲ್ಲಿದ್ದಾನೆ. ಹುಡುಗಿ ಹಾಲಿನಲ್ಲಿ ಕೂತು ಕಾರ್ಡನ್ನು ಟವಲಿನಲ್ಲಿ ಸುತ್ತುತ್ತಿದ್ದಾಳೆ. ಸುತ್ತಿ, ಬಿಚ್ಚಿ, ಒಂದು ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿ, ಮತ್ತೆ ಸುತ್ತುತ್ತಾಳೆ. "ಅಂಕಲ್, ಅಂಟಿಸೋ ಟೇಪ್ ಎಲ್ಲಿದೆ?" ಎಂದು ಕೂಗಿದಳು. ನನಗೆ ಗೊತ್ತು ಎಲ್ಲಿದೆ ಎಂದು. ಹೇಳಿಲ್ಲ.

ಅಧ್ಯಕ್ಷರಿಲ್ಲ, ಸಭಿಕರಿಲ್ಲ. ಯಾವತ್ತೂ ಇರಲಿಲ್ಲ.

ಆತ ಕೇಳಿದ್ದ. ಕಾರ್ಡು ಕಳಿಸುವ ಮೊದಲೇ, ನನ್ನನ್ನೇ. ಉದ್ದ ಎಷ್ಟೆಂದು ಬರೆದು, "ಸರ್, ಕ್ಯಾಬಿನೆಟ್ಟಿಗೆ ಹಿಡಿಯುತ್ತಾ ನೋಡಿ ಹೇಳ್ತೀರಾ? ನೀವು ಅಳತೆಯವರು, ನಿಮ್ಮನ್ನ ಕೇಳಿದ್ರೆ ಧೈರ್ಯ" ಎಂದು. "ಹಿಡಿಯುತ್ತೆ, ಕಳಿಸಿ" ಎಂದೆ. ಆಗಿನ್ನೂ ಕ್ಯಾಬಿನೆಟ್ ಕೊಂಡಿರಲಿಲ್ಲ. ಆಮೇಲೆ ಅಂಗಡಿಗೆ ಹೋಗಿ, ಒಂದೊಂದೇ ಪೆಟ್ಟಿಗೆಯ ಬಾಗಿಲು ತೆಗೆಸಿ, ಒಳಗೆ ಟೇಪು ಬಿಟ್ಟು ಅಳೆದೆ. ಹಿಡಿಯುವುದು ನಾಲ್ಕಾರು ಇದ್ದವು. ಹಿಡಿಯದಿರುವುದು ಸಿಗುವ ತನಕ ಅಳೆದೆ.

ಬೆಲ್ಲು. ಅವಳು ಎದ್ದಳು. ಚಿಲಕ ತೆಗೆಯುವ ಮೊದಲು ಅವಳಿಗೆ ಹೇಳಬೇಕು—