ರೋಜು ವಿಡಿಚಿ ರೋಜು

ಕೂಕಟ್‌ಪಲ್ಲಿ, ಹೈದರಾಬಾದ್
11 ಫೆಬ್ರವರಿ 2004

ನಮ್ಮ ವರ್ಷಾಳ ಅಪ್ಪನಿಗೆ ಗುರುದೇವಿಯ ನಮಸ್ಕಾರಗಳು.

ಹೇಗಿದ್ದೀರಿ? ವಿಜಯವಾಡದಲ್ಲಿ ಈಗಲೇ ಸೆಕೆ ಶುರುವಾಗಿದೆಯಂತೆ. ಸ್ಲ್ಯಾಬಿನ ಮೇಲೆ ನಿಂತಾಗ ತಲೆಗೆ ಟವೆಲ್ ಸುತ್ತಿಕೊಳ್ಳಿ. ರೊಟ್ಟಿ ಬಡಿದುಕೊಡುವವರು ಯಾರಾದರೂ ಸಿಕ್ಕರೋ, ಇಲ್ಲ ಅನ್ನದಲ್ಲೇ ದಿನ ನೂಕುತ್ತಿದ್ದೀರೋ? ವರ್ಷಾ ಆರಾಮಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ನಗುವಾಗ ನಿಮ್ಮ ತಾಯಿಯಂತೆಯೇ ಕಾಣುತ್ತಾಳೆ.

ಇನ್ನು ರೇಣುಕಾಳ ವಿಷಯ. ನಿಮ್ಮ ಬೆನ್ನಿಗೆ ಬಿದ್ದ ತಂಗಿ, ಬರೆಯಲು ಕೈ ಓಡುತ್ತಿಲ್ಲ. ಅವಳು ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ನೀವು ಹೋದ ಮೇಲೆ ಅವಳ ಕೆಮ್ಮು ಹೆಚ್ಚಾಗಿ ಕಫದಲ್ಲಿ ರಕ್ತ ಕಂಡಿತು. ಪರೀಕ್ಷೆ ಮಾಡಿ ಟಿ.ಬಿ. ಎಂದರು. ಅದೇ ಸಮಯಕ್ಕೆ ನಮ್ಮ ಶೆಡ್ಡುಗಳಿಗೆ ಒಂದು ಸಂಸ್ಥೆಯವರು ಬಂದರು. ನಮ್ಮಂಥವರು ಕೆಲಸದ ಹಿಂದೆ ಊರೂರು ಅಲೆಯುತ್ತ ಔಷಧಿಯನ್ನು ಅರ್ಧಕ್ಕೇ ಬಿಡುತ್ತೇವಂತೆ. ಆಸ್ಪತ್ರೆಗೆ ಕರೆಸಿ ಕಣ್ಣೆದುರಿಗೆ ನುಂಗಿಸುವ ಬದಲು ಡಬ್ಬಿಯನ್ನು ಕೈಗೇ ಕೊಟ್ಟರೆ ತಪ್ಪದೆ ತೆಗೆದುಕೊಳ್ಳುತ್ತೇವೆಯೇ ಎಂದು ನೋಡುವ ಸಂಶೋಧನೆ ಅವರದು. ಮುಚ್ಚಳದಲ್ಲಿ ಸಣ್ಣ ಯಂತ್ರವಿದೆ. ಡಬ್ಬಿ ತೆರೆದಾಗಲೆಲ್ಲ ಅದು ಎಣಿಸಿಕೊಳ್ಳುತ್ತದೆ. ಬಂದಿದ್ದ ಹುಡುಗಿ ಕೆಟ್ಟವಳಲ್ಲ. ತೆಲುಗಿನಲ್ಲಿ ನಿಧಾನವಾಗಿಯೇ ಹೇಳಿದಳು: "ರೋಜು ವಿಡಿಚಿ ರೋಜು ವೇಸುಕೋವಾಲಿ." ತಿಳೀತೇನು ಎಂದು ನಾನು ಕೇಳಿದರೆ ರೇಣುಕಾ ನಕ್ಕಳು. "ರೋಜ ಅಂದ್ರ ದಿನಾಲೂ. ಅಷ್ಟೂ ತಿಳಿಯಂಗಿಲ್ಲೇನ ನನಗ?" ನನಗೂ ಹಾಗೆಯೇ ಕೇಳಿಸಿತ್ತು.

ಅವಳು ಒಂದು ದಿನವೂ ತಪ್ಪಿಸಲಿಲ್ಲ. ಇಟ್ಟಿಗೆ ಹೊರಲು ಹೋಗುವ ಮೊದಲು ನೀರಿನ ಚರಿಗೆ ಹಿಡಿದು ಎಲ್ಲ ಗುಳಿಗೆ ನುಂಗುತ್ತಿದ್ದಳು. ಹುಡುಗಿ ಮತ್ತೆ ಬಂದು, ತಪ್ಪಿಸಿದ್ದುಂಟೇ ಎಂದಷ್ಟೇ ಮುಚ್ಚಳ ನೋಡಿ ಬೆನ್ನು ತಟ್ಟಿದಳು, ಇಷ್ಟು ಚೆನ್ನಾಗಿ ಯಾರೂ ತೆರೆಯುವುದಿಲ್ಲ ಎಂದಳು. ಆ ಹೊತ್ತಿಗಾಗಲೇ ರೇಣುಕಾಳಿಗೆ ಊಟ ಸೇರುತ್ತಿರಲಿಲ್ಲ. "ಹೊಟ್ಟಿ ತೊಳಸಾಕತ್ತೈತ್ರಿ" ಎಂದು ಅವಳು ಹೇಳಿದ್ದು ಆ ಹುಡುಗಿಗೆ ಅರ್ಥವಾಗಲಿಲ್ಲ. ಗುಳಿಗೆ ಮಾತ್ರ ಬಿಡಬೇಡ ಎಂದು ಕೈಸನ್ನೆ ಮಾಡಿ ಹೋದಳು. ಇವಳು ಬಿಡಲಿಲ್ಲ. ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಮತ್ತೆ ನುಂಗುತ್ತಿದ್ದಳು. ಅವಳ ಕಣ್ಣು ಅರಿಶಿನದಂತೆ ಹಳದಿಯಾದಾಗ, ನೀರಿನಿಂದ ಬಂದ ಕಾಮಾಲೆ ಇರಬೇಕು ಎಂದಳು ಪಕ್ಕದ ಶೆಡ್ಡಿನ ಹಂಪಮ್ಮ. ನಾನೂ ನಂಬಿದೆ. ಆಮೇಲೆ ಒಂದು ಬೆಳಿಗ್ಗೆ ರೇಣುಕಾ ನನ್ನನ್ನೇ ನೋಡುತ್ತ "ನೀ ಯಾರವ್ವಾ?" ಎಂದಳು.

ಆಸ್ಪತ್ರೆಯಲ್ಲಿ ಸುಂದರಾಬಾಯಿ ಎಂಬ ನರ್ಸ್ ಇದ್ದಾರೆ, ಬಸವಕಲ್ಯಾಣದವರು. ಡಬ್ಬಿ ನೋಡಿ, "ಇದನ್ನ ಹ್ಯಾಂಗ ತಗೊಂಡಿ?" ಎಂದು ಕನ್ನಡದಲ್ಲೇ ಕೇಳಿದರು. ಸ್ವಲ್ಪ ಎಚ್ಚರವಿದ್ದ ರೇಣುಕಾ, "ದಿನಾ ರೀ. ಒಂದಿನಾನೂ ಬಿಟ್ಟಿಲ್ಲ" ಎಂದು ಹೆಮ್ಮೆಯಿಂದಲೇ ಹೇಳಿದಳು. ಹುಡುಗಿಯ ಮಾತನ್ನು ನಾನು ಹಾಗೆಯೇ ಹೇಳಿದಾಗ ಸುಂದರಾಬಾಯಿ ಮಂಚದ ತುದಿಗೆ ಕುಳಿತು ಬಿಡಿಸಿ ಹೇಳಿದರು. ಆ ತೆಲುಗು ಮಾತಿಗೆ ಒಂದು ದಿನ ಬಿಟ್ಟು ಒಂದು ದಿನ ಎಂದು ಅರ್ಥವಂತೆ. ಹಾಗೆ ಬಿಟ್ಟು ಬಿಟ್ಟು ತೆಗೆದುಕೊಳ್ಳಲೆಂದೇ ಅವು ಜೋರಾದ ಗುಳಿಗೆಗಳು. ದಿನಾ ನುಂಗಿ ಅವಳ ಲಿವರ್ ಸುಟ್ಟುಹೋದಂತಾಗಿದೆ.

ನಾನು ಮಾದಾಪುರದ ಆ ಸಂಸ್ಥೆಯ ಆಫೀಸಿಗೆ ಹೋದೆ. ಸಾಹೇಬರು ಕೂಡಿಸಿ ಚಹಾ ಕೊಟ್ಟು ಹಿಂದಿಯಲ್ಲಿ ಸಮಾಧಾನ ಹೇಳಿದರು. ರೇಣುಕಾ ತಪ್ಪಾಗಿ ತೆಗೆದುಕೊಂಡಿದ್ದರಿಂದ ಅವಳನ್ನು ಸಂಶೋಧನೆಯಿಂದ ಕೈಬಿಟ್ಟಿದ್ದಾರಂತೆ, ಇನ್ನು ಅವಳು ಅವರ ಲೆಕ್ಕಕ್ಕೆ ಬರುವುದಿಲ್ಲವಂತೆ. ಡಬ್ಬಿ ಪಡೆದ ನಮ್ಮ ಕಡೆಯ ಉಳಿದವರ ಗತಿ ಏನು ಎಂದು ಕೇಳಿದೆ. "ಅವರ ಚಿಂತೆ ಬೇಡಮ್ಮ. ಒಬ್ಬರೂ ತಪ್ಪಿಸಿಲ್ಲ" ಎಂದು ನಕ್ಕರು. ರೇಣುಕಾಳ ಬಗ್ಗೆಯೂ ಆ ಹುಡುಗಿ ಇದನ್ನೇ ಹೇಳಿದ್ದಳು. ಚಹಾ ಅಲ್ಲೇ ಬಿಟ್ಟು ಬಂದೆ. ಹಂಪಮ್ಮನನ್ನು ಕರೆದುಕೊಂಡು ಶೆಡ್ಡಿನಿಂದ ಶೆಡ್ಡಿಗೆ ತಿರುಗಿ ಎಲ್ಲರಿಗೂ ಕನ್ನಡದಲ್ಲಿ ಹೇಳಿದೆ. ಗೌಂಡಿ ವೈಜನಾಥ ಕಂಬಳಿ ಹೊದ್ದು ಮಲಗಿದ್ದ. ಮುಖ ತೆರೆದು ನೋಡಿದರೆ ಅವನ ಕಣ್ಣೂ ಅರಿಶಿನ. ಅವನನ್ನೂ ಆಸ್ಪತ್ರೆಗೆ ಸೇರಿಸಿದ್ದೇವೆ.

ರೇಣುಕಾ ಬದುಕುತ್ತಾಳೋ ಇಲ್ಲವೋ ಡಾಕ್ಟರ್ ಹೇಳುತ್ತಿಲ್ಲ. ನಿನ್ನೆ ಎರಡು ಚಮಚ ಗಂಜಿ ಕುಡಿದಳು. ಅಣ್ಣ ಬಂದನೇ ಎಂದು ಕೇಳಿದಳು. ಮುಕಾದಮನ ಕೈಕಾಲು ಹಿಡಿದಾದರೂ ರಜೆ ಪಡೆದು ಬನ್ನಿ. ನಿಮ್ಮ ಆರೋಗ್ಯ ಜೋಪಾನ. ವರ್ಷಾ ನಿಮಗೆ ಮುತ್ತು ಕೊಟ್ಟಿದ್ದಾಳೆ.

ಇಂತಿ ನಿಮ್ಮ
ಗುರುದೇವಿ

ತಾ.ಕ.: ಇದನ್ನು ಅಂಚೆಗೆ ಹಾಕಲು ಹೊರಟಾಗ ನಿಮ್ಮ ಜೊತೆಗಾರ ಮಲ್ಲಣ್ಣ ಅಲ್ಲಿಂದ ಬಂದ. ರೇಣುಕಾಳ ಸುದ್ದಿ ಕೇಳಿ ಅವನ ಮುಖ ಬಾಡಿತು. "ವೈನಿ, ನಿಮ್ಮ ಗಂಡ ಚನ್ನಣ್ಣಗೂ ಅದ ರೋಗ, ಅಲ್ಲೂ ಅದ ಸಂಸ್ಥೆಯವರ ಡಬ್ಬಿ. ನಿಮಗ ಹೇಳಬ್ಯಾಡ ಅಂದಿದ್ದ. ರೋಜ ನುಂಗ್ತಾನ" ಎಂದ. ಸೈಟಿನ ಫೋನ್ ಹತ್ತುತ್ತಿಲ್ಲ. ಮಲ್ಲಣ್ಣ ಇವತ್ತೇ ವಾಪಸ್ ಹೊರಡುತ್ತಾನೆ, ಪತ್ರ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಡಾಕ್ಟರಿಗೆ ತೋರಿಸುವವರೆಗೆ ಆ ಗುಳಿಗೆ ಮುಟ್ಟಬೇಡಿ. ಓದಿದ ಕೂಡಲೇ ಬೆಳಕಿಗೆ ಬಂದು ನಿಂತು ಮಲ್ಲಣ್ಣನಿಗೆ ನಿಮ್ಮ ಕಣ್ಣು ತೋರಿಸಿ. ಅವನನ್ನು ಮೊದಲು ರೇಣುಕಾಳ ಮಂಚದ ಹತ್ತಿರ ಕರೆದೊಯ್ದು, ಆಮೇಲೆ ರೈಲು ಹತ್ತಿಸುತ್ತೇನೆ. ಏನು ನೋಡಬೇಕೆಂದು ಅವನಿಗೆ ಗೊತ್ತಿರಲಿ.